ಕೆನ್ನೆಯ ಕುಳಿ



ನಿಲಕ್ಕೋಟ್ಟೈಯ ಪೇಟೆಗೆ ಮಲ್ಲಿಗೆ ತರುವ ನಮ್ಮ ಕನ್ನಡದ ಮನೆಯೊಂದರ ಬಾಲಕಿ, ತರಗತಿಯ ಛಾಯಾಚಿತ್ರ ತೆಗೆಯುವ ದಿನ ಶಾಲೆಗೇ ಬರಲಿಲ್ಲ. ಎಳವೆಯಲ್ಲಿ ಕೆನ್ನೆಯ ಮೇಲೆದ್ದ ಕುರುವೊಂದು ಮಾಯ್ದು ಆಳವಾದ ಕುಳಿಯನ್ನು ಉಳಿಸಿತ್ತು. “ಮೇಷ್ಟ್ರೇ, ಇದಕ್ಕೆ ಮದ್ದುಂಟೆ?” ಎಂದು ಆಕೆಯ ತಾಯಿ ಕೇಳಿದರು. ತಿಳಿದವರಿಂದ ಅರಿತುದನ್ನು ಇಲ್ಲಿ ನಿವೇದಿಸುತ್ತೇನೆ.

1893ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಗುಸ್ತಾವ್ ನೋಯ್ಬರ್ ಎಂಬಾತನು ರೋಗಿಯ ತೋಳಿನ ಕೊಬ್ಬಿನ ಸಣ್ಣ ತುಣುಕುಗಳನ್ನು ಕಣ್ಣಿನ ಬಳಿಯ ಕಲೆಯ ಕೆಳಗಿರಿಸಿ ಕುಳಿಯನ್ನು ತುಂಬಿದನು. ಇಂದು ಹೊಟ್ಟೆಯಿಂದಲೋ ತೊಡೆಯಿಂದಲೋ ತೆಳು ನಳಿಕೆಯ ಮೂಲಕ ಕೊಬ್ಬನ್ನು ಹೀರಿ, ಶುದ್ಧಗೊಳಿಸಿ, ಕಲೆಯ ಅಡಿಯಲ್ಲಿ ಹನಿಹನಿಯಾಗಿ ಇಡುತ್ತಾರೆ. ಸುತ್ತಲಿನ ರಕ್ತದಿಂದ ಪೋಷಣೆ ಪಡೆದ ಕೊಬ್ಬು ಮಾತ್ರ ನೆಲೆನಿಲ್ಲುತ್ತದೆ. ಉಳಿದುದು ಕೆಲವು ತಿಂಗಳಲ್ಲಿ ಕರಗುತ್ತದೆ. ನಾಟಿ ಮಾಡಿದ ಸಸಿಗಳೆಲ್ಲ ಹಿಡಿಯುವುದುಂಟೆ? ಆದುದರಿಂದ ಎಷ್ಟೋ ವೇಳೆ ಮತ್ತೊಮ್ಮೆ ಮಾಡಬೇಕಾಗುತ್ತದೆ. ಕುಳಿ ತುಂಬೀತು, ಬಿಗಿದ ಚರ್ಮ ಮೃದುವಾದೀತು. ಆದರೆ ಕಲೆ ಪೂರ್ತಿಯಾಗಿ ಅಳಿಯದು. ಕೊಬ್ಬು ರಕ್ತನಾಳವನ್ನು ಹೊಕ್ಕರೆ ದೃಷ್ಟಿಯೇ ಹೋಗುವ ಅಪಾಯವೂ, ಅಪರೂಪವಾದರೂ, ಉಂಟು. ಆದಕಾರಣ ಸೌಂದರ್ಯದ ಅಂಗಡಿಗಳನ್ನು ನಂಬದೆ ಅರ್ಹ ಪ್ಲಾಸ್ಟಿಕ್ ಸರ್ಜನರನ್ನೇ ಕಾಣಬೇಕು.

ಇಷ್ಟನ್ನೂ ಆ ತಾಯಿಗೆ ಹೇಳಿ, “ಮಗು ಬೆಳೆದು ತಾನೇ ಬಯಸಲಿ, ಅವಸರ ಬೇಡಮ್ಮ” ಎಂದೆನು. ಆಕೆ ತಲೆಯಾಡಿಸಿ, “ಅದುವರೆಗೆ ಶಾಲೆಯಲ್ಲಿ ಅವಳನ್ನು ಕುಳಿಗೆನ್ನೆ ಅನ್ನುತ್ತಾರಲ್ಲ, ಅದಕ್ಕೇನು ಮಾಡಲಿ?” ಎಂದರು. ನಾನು ನಿರುತ್ತರನಾದೆನು. ಆ ಹೆಸರು ನನ್ನ ಕಿವಿಗೂ ಬಿದ್ದಿತ್ತು; ಮಕ್ಕಳಾಟವೆಂದು ಸುಮ್ಮನಿದ್ದೆನು.

ಮರುದಿನವೇ ತರಗತಿಯಲ್ಲಿ ಅದನ್ನು ನಿಲ್ಲಿಸಿದೆನು. ಛಾಯಾಚಿತ್ರಗಾರನಿಗೂ ಮತ್ತೊಮ್ಮೆ ಬರಲು ಹೇಳಿದ್ದೇನೆ.