ಹೊಟ್ಟೆನೋವಿಗೆ ಸೂಜಿ: ಚುಚ್ಚಿಸಿಕೊಳ್ಳೋ ಮೊದಲು ಒಂದು ಪ್ರಶ್ನೆ

ಹೊಟ್ಟೆ ಸಮಸ್ಯೆ ಇಲ್ಲದ ಹಾಸ್ಟೆಲ್ ರೂಮ್ ಹುಡುಕಿದ್ರೂ ಸಿಗಲ್ಲ. ಮೆಸ್ ಊಟ, ರಾತ್ರಿ ಎರಡು ಗಂಟೆಯ ಮ್ಯಾಗಿ, ಇಂಟರ್ನಲ್ಸ್ ಟೆನ್ಶನ್ ಎಲ್ಲಾ ಸೇರಿ ಒಬ್ಬರಿಗೆ ಗ್ಯಾಸ್, ಇನ್ನೊಬ್ಬರಿಗೆ ಎದೆಯುರಿ, ಮತ್ತೊಬ್ಬರಿಗೆ ಮಲಬದ್ಧತೆ. ಈ ಮಾತು ಬಂದಾಗಲೆಲ್ಲ "ಅಕ್ಯುಪಂಕ್ಚರ್ ಮಾಡಿಸ್ಕೋ, ಸರಿಹೋಗತ್ತೆ" ಅನ್ನೋರು ಒಬ್ಬರು, "ಅದೆಲ್ಲ ಬರೀ ಓಳು" ಅನ್ನೋರು ಇನ್ನೊಬ್ಬರು ಇದ್ದೇ ಇರ್ತಾರೆ. ನನ್ನ ಪ್ರಕಾರ ಇಬ್ಬರೂ ಕೇಳಬೇಕಾದ ಪ್ರಶ್ನೆ ಕೇಳ್ತಿಲ್ಲ: ಯಾವ ತೊಂದರೆಗೆ, ಯಾವುದಕ್ಕೆ ಹೋಲಿಸಿದರೆ?

ತಮಾಷೆ ಅಂದ್ರೆ, ಅಮೆರಿಕದಲ್ಲಿ ಅಕ್ಯುಪಂಕ್ಚರ್ ಮನೆಮಾತಾಗಿದ್ದೇ ಒಬ್ಬ ಪತ್ರಕರ್ತನ ಹೊಟ್ಟೆಯ ಗ್ಯಾಸ್‌ನಿಂದ. 1971ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್ ಚೀನಾಕ್ಕೆ ಹೋಗಿದ್ದಾಗ ಬೀಜಿಂಗ್‌ನಲ್ಲಿ ಅವರಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಆಮೇಲೆ ಹೊಟ್ಟೆ ಉಬ್ಬರಿಸಿ ಸಂಕಟ ಆದಾಗ ಮೊಣಕೈಗೆ, ಮಂಡಿಯ ಕೆಳಗೆ ಸೂಜಿ ಹಾಕಿದರು. ಸ್ವಲ್ಪ ಹೊತ್ತಿಗೆ ಆರಾಮಾಯಿತು ಅಂತ ಅವರೇ ಪತ್ರಿಕೆಯಲ್ಲಿ ಬರೆದರು. ಆಪರೇಷನ್‌ಗೆ ಕೊಟ್ಟಿದ್ದು ಮಾಮೂಲಿ ಇಂಜೆಕ್ಷನ್. ಆದರೆ ಬಾಯಿಂದ ಬಾಯಿಗೆ ಹೋಗ್ತಾ "ಬರೀ ಸೂಜಿ ಚುಚ್ಚಿ ಆಪರೇಷನ್ನೇ ಮಾಡಿದ್ರಂತೆ" ಅಂತ ಕಥೆ ಬೆಳೆಯಿತು. ಇನ್ನೊಂದು ವಿಷಯ: ಹೊಟ್ಟೆ ಆಪರೇಷನ್ ಆದಮೇಲೆ ಕರುಳು ಕೆಲವು ದಿನದಲ್ಲಿ ಸಾಮಾನ್ಯವಾಗಿ ತಾನಾಗೇ ಚಲನೆಗೆ ಬರತ್ತೆ. ಹಾಗಾಗಿ ಒಬ್ಬರ ಅನುಭವದಿಂದ ಸೂಜಿಯದ್ದೆಷ್ಟು, ಸಮಯದ್ದೆಷ್ಟು ಅಂತ ಹೇಳೋಕಾಗಲ್ಲ.

ಅದನ್ನ ಬೇರೆ ಮಾಡೋಕೆ ವಿಜ್ಞಾನಿಗಳು ಒಂದು ಉಪಾಯ ಮಾಡ್ತಾರೆ. ಅರ್ಧ ಜನಕ್ಕೆ ಸರಿಯಾದ ಜಾಗದಲ್ಲಿ ಸೂಜಿ, ಉಳಿದ ಅರ್ಧಕ್ಕೆ ಸಂಬಂಧವಿಲ್ಲದ ಜಾಗದಲ್ಲಿ ಮೇಲೆಮೇಲೆ ಚುಚ್ಚೋ 'ಸುಳ್ಳು ಸೂಜಿ'. ಯಾರಿಗೆ ಯಾವುದು ಅಂತ ರೋಗಿಗೆ ಹೇಳಲ್ಲ.

2016ರಲ್ಲಿ ಪ್ರಕಟವಾದ ಚೀನಾದ ಒಂದು ಅಧ್ಯಯನ ನೋಡಿ. 15 ಆಸ್ಪತ್ರೆಗಳು, ತೀವ್ರ ಮಲಬದ್ಧತೆ ಇದ್ದ 1075 ಜನ, 8 ವಾರದಲ್ಲಿ 28 ಸಿಟ್ಟಿಂಗ್. ಸೂಜಿಗೆ ಸಣ್ಣ ಕರೆಂಟ್ ಕೊಟ್ಟ ಗುಂಪಿನಲ್ಲಿ 31.3% ಜನರಿಗೆ ವಾರಕ್ಕೆ ಸರಾಸರಿ ಮೂರು ಸಲವಾದರೂ ತಾನಾಗೇ ಪೂರ್ತಿ ಹೊಟ್ಟೆ ಖಾಲಿಯಾಗೋಕೆ ಶುರುವಾಯಿತು. ಸುಳ್ಳು ಸೂಜಿಯವರಲ್ಲಿ 12.1%. ವ್ಯತ್ಯಾಸ ನಿಜವಾಗಲೂ ಇದೆ. ಆದರೆ ಮೂರರಲ್ಲಿ ಇಬ್ಬರು ಆ ಮಟ್ಟ ಮುಟ್ಟಲಿಲ್ಲ ಅನ್ನೋದೂ ಅಷ್ಟೇ ನಿಜ.

2020ರ ಇನ್ನೊಂದು ಅಧ್ಯಯನ, ಸ್ವಲ್ಪ ತಿಂದರೂ ಹೊಟ್ಟೆ ಭಾರ ಆಗುವ ಅಜೀರ್ಣದ ಬಗ್ಗೆ. 278 ಜನ, 4 ವಾರ, 12 ಸಿಟ್ಟಿಂಗ್. ಸರಿಯಾದ ಸೂಜಿಯಿಂದ 83% ಜನ ಪರವಾಗಿಲ್ಲ ಅಂದರು. ಸುಳ್ಳು ಸೂಜಿಯಿಂದಲೂ 51.6% ಜನ ಹಾಗೇ ಅಂದರು! ಕ್ಲಿನಿಕ್‌ನಲ್ಲಿ ಕಾಣೋದು ಆ 83 ಮಾತ್ರ. ಝೀರೋ ಎರರ್ ಕಳೆಯದೆ ಸ್ಕ್ರೂ ಗೇಜ್ ರೀಡಿಂಗ್ ಬರೆದರೆ ಲ್ಯಾಬ್‌ನಲ್ಲಿ ಮಾರ್ಕ್ಸ್ ಕೊಡ್ತಾರಾ? ಇಲ್ಲೂ ಅದೇ ಲೆಕ್ಕ. ಸಮಯ, ನಂಬಿಕೆ, ಒಬ್ಬರು ಕೂತು ನಮ್ಮ ಕಷ್ಟ ಕೇಳಿದ್ದು, ಇವನ್ನೆಲ್ಲ ಕಳೆದ ಮೇಲೆ ಉಳಿಯೋದೇ ಸೂಜಿಯ ಪಾಲು.

ಕೆಲವು ಕಡೆ ಆ ಪಾಲು ಉಳಿಯೋದೇ ಇಲ್ಲ. ಐಬಿಎಸ್ ಬಗ್ಗೆ 17 ಅಧ್ಯಯನಗಳನ್ನು ಸೇರಿಸಿ ನೋಡಿದ 2012ರ ಕಾಕ್ರೇನ್ ವಿಮರ್ಶೆಯಲ್ಲಿ, ಸುಳ್ಳು ಸೂಜಿಗೆ ಹೋಲಿಸಿದರೆ ನಿಜವಾದ ಸೂಜಿಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಆಪರೇಷನ್ ಆದಮೇಲಿನ ವಾಕರಿಕೆಗೆ ಮಣಿಕಟ್ಟಿನ ಒಳಬದಿಯಲ್ಲಿ, ಮೂರು ಬೆರಳು ಮೇಲಿರೋ ಬಿಂದುವನ್ನು ಒತ್ತಿದರೆ ಅಥವಾ ಚುಚ್ಚಿದರೆ ಉಪಯೋಗ ಆಗತ್ತೆ ಅಂತ 2015ರ ಕಾಕ್ರೇನ್ ವಿಮರ್ಶೆ ಹೇಳಿತು. ಹೊಟ್ಟೆ ಒಂದೇ, ಆದರೆ ತೊಂದರೆ ಬದಲಾದರೆ ಉತ್ತರವೂ ಬದಲಾಗತ್ತೆ.

ಆ ಮಲಬದ್ಧತೆ, ಅಜೀರ್ಣದ ಅಧ್ಯಯನಗಳಿಗೆ ಸೇರಿಸಿಕೊಂಡಿದ್ದು ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಆದವರನ್ನು. ನಮ್ಮಲ್ಲಿ ತಪ್ಪಿಹೋಗ್ತಿರೋದು ಈ ಹೆಜ್ಜೆ. ನಮ್ಮ ದೊಡ್ಡಮ್ಮನಿಗೆ ಊಟ ಆದಮೇಲೆ ಬಲಗಡೆ ಪಕ್ಕೆಯ ಕೆಳಗೆ ನೋವು ಬರ್ತಿತ್ತು. ಊರಿನ ಶಿಬಿರದಲ್ಲಿ ಸೂಜಿ ಹಾಕುವವರೊಬ್ಬರು "ಗ್ಯಾಸ್ ಅಷ್ಟೇ ಅಮ್ಮಾ, ಹತ್ತು ಸಿಟ್ಟಿಂಗ್‌ಗೆ ಹೋಗತ್ತೆ" ಅಂದರು. ಹತ್ತು ಇಪ್ಪತ್ತಾಯಿತು, ನಾಲ್ಕು ತಿಂಗಳು ಕಳೆಯಿತು. ಕೊನೆಗೆ ಜ್ವರ ಬಂದು ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದ ತುಂಬಾ ಕಲ್ಲು, ಜೊತೆಗೆ ಸೋಂಕು. ತುರ್ತಾಗಿ ಆಪರೇಷನ್ ಆಯಿತು, ಈಗ ಆರಾಮಾಗಿದ್ದಾರೆ. ಸೂಜಿಯಿಂದ ಅವರಿಗೆ ಗಾಯ ಆಗಲಿಲ್ಲ. ಆದರೆ ಒಂದು ಸ್ಕ್ಯಾನ್ ನಾಲ್ಕು ತಿಂಗಳು ಮುಂದೆ ಹೋಯಿತು. ನನಗೆ ಕೋಪ ಇರೋದು ಅದಕ್ಕೆ.

ಭಾರತಕ್ಕೆ ಈ ವಿದ್ಯೆ ತಂದವರಲ್ಲಿ ಮುಖ್ಯರಾದ ಡಾ. ಬಿ.ಕೆ. ಬಸು ಓದಿದ ಡಾಕ್ಟರ್. ಸೊಲ್ಲಾಪುರದ ಡಾ. ಕೋಟ್ನಿಸ್ ಜೊತೆ 1938ರಲ್ಲಿ ಚೀನಾಕ್ಕೆ ಹೋದ ತಂಡದಲ್ಲಿ ಅವರೂ ಇದ್ದರು. ನಮ್ಮ ರಾಜ್ಯದಲ್ಲೂ ಪ್ರಕೃತಿ ಚಿಕಿತ್ಸೆಯ ಡಿಗ್ರಿಯಲ್ಲಿ ಅಕ್ಯುಪಂಕ್ಚರ್ ಒಂದು ಪಾಠ. ಅಂದಮೇಲೆ ವಾರಾಂತ್ಯದ ಸರ್ಟಿಫಿಕೇಟ್ ಹಿಡಿದವರ ಕೈಗೆ ಹೊಟ್ಟೆ ಕೊಡೋ ಅಗತ್ಯ ಏನಿದೆ?

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ತೂಕ ಇಳೀತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಲ ಕಪ್ಪಾಗಿದ್ದರೆ, ನುಂಗೋಕೆ ಕಷ್ಟ ಆದರೆ, ನೋವು ನಿದ್ದೆಯಿಂದ ಎಬ್ಬಿಸಿದರೆ, ಜ್ವರ ಬಂದರೆ, ಮೊದಲು ಡಾಕ್ಟರ್. ಪರೀಕ್ಷೆ ಎಲ್ಲಾ ನಾರ್ಮಲ್ ಬಂದು ತೊಂದರೆ ಮಾತ್ರ ಉಳಿದಿದ್ದರೆ, ಓದಿ ಕಲಿತವರ ಹತ್ತಿರ ಸೂಜಿ ಹಾಕಿಸಿಕೊಳ್ಳೋದರಲ್ಲಿ ನಾಚಿಕೆ ಏನೂ ಇಲ್ಲ. ಹೊಸ ಸೂಜಿಯ ಪ್ಯಾಕೆಟ್ ನಿಮ್ಮೆದುರೇ ಒಡೀಲಿ. ಎಷ್ಟು ಸಿಟ್ಟಿಂಗ್, ಗುಣ ಕಾಣದಿದ್ದರೆ ಯಾವಾಗ ನಿಲ್ಲಿಸ್ತೀರಾ ಅಂತ ಮೊದಲೇ ಕೇಳಿ. ನಿಲ್ಲಿಸೋ ದಿನ ಹೇಳದವರ ಹತ್ತಿರ ಶುರುವೂ ಮಾಡಬೇಡಿ.