ಮೊದಲು ಅಳತೆಪಟ್ಟಿ

ಪುಣೆಯ ನಮ್ಮ ಹುಡುಗರು ಭಾನುವಾರ ಸ್ಪೋರ್ಟ್ ಬೈಕುಗಳಲ್ಲಿ ಖಂಡಾಳ ಘಟ್ಟಕ್ಕೆ ಹೊರಡುತ್ತಾರೆ. ಎಕ್ಸ್‌ಪ್ರೆಸ್‌ವೇ ಬೈಕುಗಳಿಗೆ ನಿಷಿದ್ಧವಾದ್ದರಿಂದ ಹಳೆಯ ಹೆದ್ದಾರಿಯೇ ಗತಿ. ಮರಳಿದವರ ದೂರು ಒಂದೇ: ತಿರುವಿನಲ್ಲಿ ಗಾಡಿಯ ಮೇಲೆ ನಂಬಿಕೆ ಬರುವುದಿಲ್ಲ. ಕೂಡಲೇ ದುಬಾರಿ ಶಾಕ್ ಅಬ್ಸಾರ್ಬರಿನ ಮಾತು. ಮೊದಲು ಕೊಳ್ಳಬೇಕಾದದ್ದು ದರ್ಜಿಯ ಅಳತೆಪಟ್ಟಿ ಎಂಬುದು ನನ್ನ ವಾದ.

ಕಾರ್ಖಾನೆಯ ಕಲ್ಪನೆಯಲ್ಲಿರುವುದು ಒಬ್ಬ ಸರಾಸರಿ ಸವಾರ. 55 ಕಿಲೋದವನೂ 95 ಕಿಲೋದವನೂ ಅದೇ ಅಂಗಿ ತೊಡಬೇಕು. ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ, ಅದರ ಅಚ್ಚಿನಿಂದ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಅಳೆಯಿರಿ. ಬಳಿಕ ಗಾಡಿಯನ್ನು ಇಳಿಸಿ, ಹೆಲ್ಮೆಟು ಜಾಕೆಟ್ಟು ಸಮೇತ ಕುಳಿತು, ಗೆಳೆಯನಿಂದ ಮತ್ತೊಮ್ಮೆ ಅಳೆಸಿರಿ. ರಸ್ತೆಯ ಸವಾರಿಗೆ ಈ ಕುಸಿತ ಸುಮಾರು 30ರಿಂದ 40 ಮಿಲಿಮೀಟರ್ ಇದ್ದರೆ ಸರಿ. ಹೆಚ್ಚಿದ್ದರೆ ಪ್ರೀಲೋಡ್ ಬಿಗಿಸುವುದು, ಕಡಿಮೆಯಿದ್ದರೆ ಸಡಿಲಿಸುವುದು.

ಪ್ರೀಲೋಡ್ ಬಿಗಿಸಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆಂಬುದು ಗ್ಯಾರೇಜುಗಳಲ್ಲಿ ಬೇರುಬಿಟ್ಟ ತಪ್ಪು ತಿಳಿವಳಿಕೆ. ಬದಲಾಗುವುದು ಗಾಡಿ ನಿಲ್ಲುವ ಎತ್ತರ, ಸ್ಪ್ರಿಂಗಿನ ಗುಣವಲ್ಲ. ಬಿಗಿಸುತ್ತ ಹೋಗಿ, ಸವಾರನಿಲ್ಲದಾಗ ಗಾಡಿ ತನ್ನ ಭಾರಕ್ಕೆ ಒಂದಿಷ್ಟೂ ಕುಸಿಯದಂತಾದರೆ, ಆ ತೂಕಕ್ಕೆ ಗಟ್ಟಿ ಸ್ಪ್ರಿಂಗೇ ಬೇಕು. ಆಗ ಹಣ ಬಿಚ್ಚುವುದು ನ್ಯಾಯ.

ಸವಾರಿಯ ಶೈಲಿ ಆಮೇಲಿನ ಪ್ರಶ್ನೆ. ಹೊಸೂರಿನ ಟಿವಿಎಸ್ 2021ರಲ್ಲಿ ಅಪಾಚೆ ಆರ್‌ಆರ್ 310ಕ್ಕೆ ಹೊಂದಿಸಬಲ್ಲ ಸಸ್ಪೆನ್ಷನ್ನನ್ನು ಆಯ್ಕೆಯಾಗಿ ಕೊಟ್ಟಿತು. ಕಂಪ್ರೆಷನ್, ರಿಬೌಂಡ್ ತಿರುಪುಗಳು ಸಾಮಾನ್ಯನ ಕೈಗೂ ಎಟುಕಿದವು. ಒಮ್ಮೆಗೆ ಒಂದೇ ತಿರುಪನ್ನು ಮುಟ್ಟಿ, ಎಷ್ಟು ಕ್ಲಿಕ್ ತಿರುಗಿಸಿದಿರೆಂದು ಬರೆದಿಡಿ. ಜೋರಾಗಿ ಬ್ರೇಕ್ ಹಿಡಿಯುವವನಿಗೆ ಮುಂದಿನ ಕಂಪ್ರೆಷನ್ ತುಸು ಹೆಚ್ಚಿರಲಿ. ರಿಬೌಂಡ್ ಮಾತ್ರ ಅತಿಯಾಗಕೂಡದು: ಸಾಲುಗುಂಡಿಗಳಲ್ಲಿ ಸ್ಪ್ರಿಂಗು ಮೇಲೇಳುವ ಮೊದಲೇ ಮುಂದಿನ ಪೆಟ್ಟು ಬಿದ್ದು, ಟೈರು ನೆಲದ ಹಿಡಿತ ಬಿಡುತ್ತದೆ.