ಸಹಿಗೆ ಮೊದಲು ವಿವರ ಕೊಡಿ

ಆಸ್ಪತ್ರೆಗೆ ದಾಖಲಾಗುವಾಗ ಕೈಗಿಡುವ ಒಪ್ಪಿಗೆ ಪತ್ರ ಬಹುತೇಕ ಇಂಗ್ಲಿಷಿನಲ್ಲಿರುತ್ತದೆ. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿದರಾಯಿತು. ಇಂಥ ಸಹಿಯನ್ನು ಒಪ್ಪಿಗೆ ಎನ್ನುವುದು ಹೇಗೆ? ತಪಾಸಣೆಗೆಂದು ಅರಿವಳಿಕೆ ಕೊಟ್ಟ ಮಹಿಳೆಯ ಗರ್ಭಕೋಶವನ್ನು ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ: ಚಿಕಿತ್ಸೆಯ ಸ್ವರೂಪ, ಅಪಾಯ, ಪರ್ಯಾಯಗಳನ್ನು ತಿಳಿಸಿ ರೋಗಿಯಿಂದಲೇ ಒಪ್ಪಿಗೆ ಪಡೆಯಬೇಕು. ಎಲ್ಲವನ್ನೂ ವಿವರಿಸುತ್ತ ಕೂತರೆ ಹೊರಗೆ ಕಾಯುತ್ತಿರುವವರ ಗತಿಯೇನು ಎಂಬ ವೈದ್ಯರ ಪ್ರಶ್ನೆ ಸುಳ್ಳಲ್ಲ. ಆದರೆ ತೀರಾ ಅಪರೂಪದ ಅಪಾಯಗಳನ್ನೆಲ್ಲ ಪಟ್ಟಿ ಮಾಡಬೇಕೆಂದು ಕೋರ್ಟ್ ಕೇಳಿಲ್ಲ. ಜೀವಕ್ಕೆ ಅಪಾಯವಿರುವ ತುರ್ತಿಗೆ ವಿನಾಯಿತಿಯೂ ಇದೆ. ಉಳಿದದ್ದಕ್ಕೆ ಕನ್ನಡದ ಒಂದು ಪುಟ, ಹತ್ತು ನಿಮಿಷದ ಮಾತು ಸಾಕು.

ಬಿಡುಗಡೆಯ ದಿನ ಇನ್ನೂ ಕಷ್ಟ. ಬಿಲ್ಲಿನ ಗಡಿಬಿಡಿಯಲ್ಲಿ ಕೈಸೇರುವ ಸಾರಾಂಶದಲ್ಲಿ '1-0-1' ಎಂದಿದ್ದರೆ ಮಧ್ಯಾಹ್ನ ಮಾತ್ರೆ ಬೇಡವೆಂದು ಹೇಳುವವರಿಲ್ಲ. ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ. ಕೇಳಬಹುದೆಂದೇ ಗೊತ್ತಿಲ್ಲದವರಿಗೆ ಅದು ಇದ್ದೂ ಇಲ್ಲದಂತೆ. ವೈದ್ಯರ ಮುಷ್ಕರದ ನಡುವೆ 2017ರಲ್ಲಿ ತಿದ್ದುಪಡಿಯಾದ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ ಜಿಲ್ಲಾಧಿಕಾರಿ ನೇತೃತ್ವದ ದೂರು ಪ್ರಾಧಿಕಾರವಿದೆ. ಅದರ ವಿಳಾಸವನ್ನು ಬಿಲ್ಲಿನ ಕೆಳಗೇ ಅಚ್ಚು ಹಾಕಿಸಲು ಸರ್ಕಾರಕ್ಕೆ ಹೊಸ ಕಾನೂನೇನೂ ಬೇಕಿಲ್ಲ, ಒಂದು ಆದೇಶ ಸಾಕು.